ಆತ್ಮ ಆಮೇಲೆ, ಮೊದಲು ಆ ಚೀಟಿ ತೋರಿಸು

ತಮ್ಮಾ,

ಕತೆ ಓದಿದೆ. ಆಮ್‌ಸ್ಟರ್‌ಡ್ಯಾಮಿನ ಆ ಕತ್ತಲೆ ಕೋಣೆ, ಹಸಿದು ಬಂದ ಜರ್ಮನ್ ಹುಡುಗ, ಎಲ್ಲ ಚೆನ್ನಾಗಿದೆ. ಆದರೆ 'ಜೀಲ್‌ಫರ್‌ಕೋಪರ್' ಅನ್ನುವ ಕಸುಬಿನ ಹೆಸರು ಸಿಕ್ಕಿದ್ದೇ ತಡ, 'ಆತ್ಮ ಮಾರುವವನು' ಅಂತ ಅರ್ಥ ಮಾಡಿ ಅವನಿಗೆ ಸೈತಾನನ ನಗು ಅಂಟಿಸಿಬಿಟ್ಟಿದ್ದೀಯಲ್ಲ ಮಾರಾಯ! ಪದದ ಅರ್ಥ ಸಿಕ್ಕ ಖುಷಿಯಲ್ಲೇ ಇಡೀ ಕತೆ ಕಟ್ಟಿ ನಾನೂ ಒಮ್ಮೆ ಮುಗ್ಗರಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಡಚ್ಚಿನಲ್ಲಿ 'ಜೀಲ್' ಅಂದರೆ ಆತ್ಮ, ನಿಜ. ಆದರೆ 'ಸೇಲ್' ಅಂತ ಇನ್ನೊಂದು ಪದವಿದೆ, ಚೀಟಿ ಅಂತ ಅರ್ಥ. ಸೇಲ್ ಮಾರುವವನೇ ಜನರ ಬಾಯಲ್ಲಿ ಜೀಲ್ ಮಾರುವವನಾದ ಅಂತ ಹೇಳುವುದುಂಟು. ಮೊದಲಿಂದಲೂ ಅದು ಆತ್ಮವೇ ಅನ್ನುವವರೂ ಇದ್ದಾರೆ. ನನ್ನ ಓಟು ಚೀಟಿಗೆ, ಯಾಕಂದರೆ ದಂಧೆ ನಡೆದದ್ದೇ ಅದರ ಮೇಲೆ.

1602ರಲ್ಲಿ ಶುರುವಾದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸದಾ ಆಳು ಬೇಕಿತ್ತು. ಕೆಲಸ ಹುಡುಕಿ ಬಂದವನಿಗೆ ಒಬ್ಬ ಊಟ ಹಾಕುತ್ತಾನೆ, ಮಲಗಲು ಜಾಗ ಕೊಡುತ್ತಾನೆ, ಹಡಗು ಹತ್ತುವಾಗ ಒಂದು ಮರದ ಪೆಟ್ಟಿಗೆ, ಒಂದಿಷ್ಟು ಬಟ್ಟೆ. ಸುಮ್ನೆ ಅಲ್ಲ, ಲೆಕ್ಕ ಬರೆದಿಟ್ಟು! ಅದಕ್ಕೆ ಬದಲಾಗಿ ಹುಡುಗನ ಸಂಬಳದ ಮೇಲೆ ಸಾಮಾನ್ಯವಾಗಿ 150 ಗಿಲ್ಡರಿನ (ಗಿಲ್ಡರ್ ಅಂದರೆ ಆಗಿನ ಡಚ್ ಹಣ) ಸಾಲಪತ್ರ ಊಟ ಹಾಕಿದವನ ಕೈ ಸೇರುತ್ತದೆ. ಅದೇ ಆ ಚೀಟಿ. ತಿಂಗಳ ಸಂಬಳ ಹತ್ತು ಗಿಲ್ಡರಿನ ಆಸುಪಾಸು. ಅಂದರೆ ವರ್ಷಕ್ಕೂ ಜಾಸ್ತಿ ದುಡಿಮೆ ಹೊರಡುವ ಮೊದಲೇ ಖಾಲಿ. ಕಂಪನಿಯೋ, ಹುಡುಗ ದುಡಿದ ಮೇಲೆ, ದುಡಿದಷ್ಟೇ ಕೊಡುತ್ತದೆ. ಬೇಗ ಸತ್ತರೆ ಚೀಟಿ ರದ್ದಿ ಕಾಗದ. ಊಟ ಹಾಕಿದವನಿಗೂ ಅಷ್ಟು ದಿನ ಕಾಯುವ ತಾಕತ್ತಿಲ್ಲ, ಸಿಕ್ಕ ಬೆಲೆಗೆ ಮಾರಿಬಿಡುತ್ತಾನೆ; ಕೊಂಡವನು ಅಂಥ ಹತ್ತಾರು ಚೀಟಿ ಕೂಡಿಟ್ಟುಕೊಂಡು, ಇವರಲ್ಲಿ ಎಷ್ಟು ಜನ ಬದುಕಿ ದುಡಿದಾರು ಅಂತ ಲೆಕ್ಕ ಹಾಕುತ್ತಾ ಕೂರುತ್ತಾನೆ. ಇವನ ಮುಂದೆ ನಿನ್ನ ಸೈತಾನ ಪಾಪದವನು, ಅಲ್ವಾ?

ಕಂಪನಿಯ 18ನೇ ಶತಮಾನದ ಸಂಬಳದ ಪುಸ್ತಕಗಳು ನೆದರ್‌ಲ್ಯಾಂಡ್ಸಿನ ಹೇಗ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಇಂಟರ್ನೆಟ್ಟಿನಲ್ಲೂ ಹುಡುಕಬಹುದು. ಒಬ್ಬೊಬ್ಬನ ಹೆಸರು, ಊರು, ಸಾಲ, ಕೊನೆಗೆ ಏನಾದ ಅನ್ನುವುದು. ಒಂದು ಸಂಜೆ ಅಲ್ಲಿ ಕಳೆ.

ಆಮೇಲೆ ಹುಡುಗ ಸಮುದ್ರದಲ್ಲಿ ಸಾಯುವ ಭಾಗ ಬಿಚ್ಚಿ ಮತ್ತೆ ಬರಿ. ಸಾವಿನ ಸುದ್ದಿ ಆಮ್‌ಸ್ಟರ್‌ಡ್ಯಾಮ್ ಮುಟ್ಟಲು ತಿಂಗಳುಗಟ್ಟಲೆ ಬೇಕು. ಅಲ್ಲಿವರೆಗೂ ಅವನ ಚೀಟಿಗೆ ಬೆಲೆ ಇದ್ದೇ ಇರುತ್ತದೆ, ಯಾರೋ ಚೌಕಾಸಿ ಮಾಡಿ ಕೊಳ್ಳುತ್ತಲೂ ಇರಬಹುದು. ನಿನ್ನ ಕತೆ ಆ ತಿಂಗಳುಗಳಲ್ಲಿದೆ. ತಿದ್ದಿದ್ದನ್ನು ಹಬ್ಬಕ್ಕೆ ಮೊದಲೇ ಕಳಿಸು, ಆಮೇಲೆ ನಮ್ಮನೆ ತುಂಬ ಜನ.