ಗುಂಡನ ಮಂಡಿ ಚೆನ್ನಾಗಿದೆ

ಸಿನ್ಸಿನಾಟಿ
14 ಅಕ್ಟೋಬರ್ 2025

ತೀರ್ಥರೂಪು ಅಪ್ಪನಿಗೂ ಅಮ್ಮನಿಗೂ ಪುಟ್ಟಿ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕಾಗದ ಬಂತು. ಅಣ್ಣನ ಸೈಟಿನ ವಿಷಯ, ಅತ್ತೆ ಮನೆ ಗೃಹಪ್ರವೇಶದ ವಿಷಯ ಎಲ್ಲ ಓದಿದೆ. ಅದನ್ನೆಲ್ಲ ಭಾನುವಾರ ಫೋನಿನಲ್ಲಿ ಮಾತಾಡೋಣ. ನಿಮ್ಮ ಮೊಮ್ಮಗ ಗುಂಡನ ಮಂಡಿಗೆ ಏನಾಯಿತು, ಈ ಅಮೆರಿಕನ್ ಫುಟ್‌ಬಾಲ್ ಆಟ ಬಿಡಿಸು ಅಂತ ಕಾಗದದ ಕೊನೆಗೆ ಅಮ್ಮ ತನ್ನ ಕೈಯಲ್ಲೇ ಬರೆದ ಎರಡು ಸಾಲಿಗೆ ಮೊದಲು ಉತ್ತರ ಬರೆಯುತ್ತೇನೆ.

ಅಮ್ಮಾ, ಗುಂಡನ ಮಂಡಿಗೆ ಏನೂ ಆಗಿಲ್ಲ. ವಿಡಿಯೋ ಕಾಲ್‌ನಲ್ಲಿ ಅವನು ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದನ್ನು ನೀನು ನೋಡಿಬಿಟ್ಟಿದ್ದೀಯ. ಅದರ ಮೇಲಿದ್ದದ್ದು ಐಸ್ ಚೀಲ, ಬ್ಯಾಂಡೇಜ್ ಅಲ್ಲ. ಪ್ರಾಕ್ಟೀಸಿನಲ್ಲಿ ಪಕ್ಕದ ಹುಡುಗ ಇವನ ಕಾಲಿನ ಮೇಲೆ ಬಿದ್ದ, ಸ್ವಲ್ಪ ಊದಿಕೊಂಡಿತು, ಅಷ್ಟೇ. ಎಕ್ಸ್‌ರೇ ತೆಗೆಸಿದ್ದೇವೆ, ಮೂಳೆಗೆ ಏನೂ ಆಗಿಲ್ಲ. ಡಾಕ್ಟರು ಮಂಡಿ ಹಿಡಿದು ಆ ಕಡೆ ಈ ಕಡೆ ಆಡಿಸಿ ನೋಡಿದರು, ಆಮೇಲೆ ಗುಂಡನ ಜೊತೆ ನಗುನಗುತ್ತಾ ಮಾತಾಡಿದರು. ಏನಾದರೂ ಆಗಿದ್ದರೆ ನಗುತ್ತಿದ್ದರಾ ಹೇಳು.

ಆಟಗಾರನೊಬ್ಬ ಮೈದಾನದಲ್ಲಿ ಕುಸಿದು ಬೀಳುವ ಆ ವಿಡಿಯೋ ಅಣ್ಣ ನಿನಗೆ ಯಾಕೆ ತೋರಿಸಿದನೋ ನನಗೆ ಗೊತ್ತಿಲ್ಲ. ಅದು ನಮ್ಮೂರಿನ ಸ್ಟೇಡಿಯಂನಲ್ಲೇ ಆಗಿದ್ದು, ನಿಜ. 2023ರ ಜನವರಿ 2ರ ರಾತ್ರಿ. ಬಫಲೋ ಟೀಮಿನ ಡಮಾರ್ ಹ್ಯಾಮ್ಲಿನ್ ಎದೆಗೆ ಏಟು ಬಿದ್ದು ಮೈದಾನದಲ್ಲೇ ಕುಸಿದ. ಹೃದಯ ನಿಂತುಹೋಗಿತ್ತು. ಅಲ್ಲೇ ಎದೆ ಒತ್ತಿ, ಶಾಕ್ ಕೊಟ್ಟು ಬದುಕಿಸಿದರು. ಆಟವನ್ನು ಅಲ್ಲಿಗೇ ನಿಲ್ಲಿಸಿದರು. ಅಣ್ಣ ತೋರಿಸಿದ್ದು ಅಷ್ಟೇ ಅಲ್ವಾ? ಆ ಹುಡುಗ ಅದೇ ವರ್ಷ ಮತ್ತೆ ಆಟಕ್ಕೆ ಇಳಿದ, ಅದನ್ನೂ ತೋರಿಸಬೇಕಿತ್ತು. ಅದೂ ಅಲ್ಲದೆ ಅವನ ಕೆಲಸವೇ ಬೇರೆ, ಜೋರಾಗಿ ಓಡಿ ಬರುವವರನ್ನು ಅಡ್ಡಗಟ್ಟಿ ಬೀಳಿಸುವುದು. ಗುಂಡ ನಿಲ್ಲುವ ಜಾಗದಲ್ಲಿ ಅಷ್ಟು ಓಟವೇ ಇಲ್ಲ.

ಅಪ್ಪ, ಈಗ ನಿಮ್ಮ ಪ್ರಶ್ನೆ. ಚೆಂಡನ್ನೇ ಮುಟ್ಟದೆ ಆಡುವುದು ಎಂಥ ಆಟ, ಅದಕ್ಕೆ ಹುಡುಗ ಯಾಕೆ ಮೈ ನೋಯಿಸಿಕೊಳ್ಳಬೇಕು ಅಂತ ಕೇಳಿದ್ದೀರಿ. ಇಲ್ಲಿಯ ಫುಟ್‌ಬಾಲಿನಲ್ಲಿ ಕಾಲಿಗೆ ಕೆಲಸ ಕಡಿಮೆ. ಒಂದು ಕಡೆಗೆ ಹನ್ನೊಂದು ಜನ. ಹಿಂದೆ ಒಬ್ಬ ಕ್ವಾರ್ಟರ್‌ಬ್ಯಾಕ್ ಇರುತ್ತಾನೆ, ಚೆಂಡು ಅವನ ಕೈಗೆ ಬರುತ್ತೆ, ಯಾರಿಗೆ ಎಸೆಯಬೇಕು ಅಂತ ಅವನು ನೋಡಬೇಕು. ನೋಡಲು ಎರಡು ಮೂರು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಎದುರಾಳಿಗಳು ಅವನ ಮೇಲೆ ಬೀಳಲು ನುಗ್ಗುತ್ತಾರೆ. ಅವರನ್ನು ತಡೆಯಲು ಮುಂದೆ ಐದು ಜನ ಸಾಲಾಗಿ ನಿಲ್ಲುತ್ತಾರೆ. ಮಧ್ಯೆ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ಎರಡು ತುದಿಗೆ ಇಬ್ಬರು ಟ್ಯಾಕಲ್. ಇದೇ ಅಫೆನ್ಸಿವ್ ಲೈನ್. ಗುಂಡ ಒಂಬತ್ತನೇ ಕ್ಲಾಸಿನ ಟೀಮಿಗೆ ಬಲಗಡೆ ಗಾರ್ಡ್. ಮುಂದೆ ಬಂದವನ ಅಂಗಿ ಹಿಡಿದು ಎಳೆದರೆ ಟೀಮು ಹತ್ತು ಗಜ ಹಿಂದೆ ಹೋಗಬೇಕು. ಹಿಡಿಯದೆ, ಬೀಳದೆ, ಎದೆಯೊಡ್ಡಿ ತಡೆಯಬೇಕು. ನೀವು ಹೈಸ್ಕೂಲಿನಲ್ಲಿ ಕಬಡ್ಡಿ ಆಡಿಸುವಾಗ ಸರಪಳಿಯಲ್ಲಿ ಒಬ್ಬ ಕೈ ಬಿಟ್ಟರೆ ಎಲ್ಲರೂ ಕೆಟ್ಟಿರಿ ಅಂತ ಕೂಗುತ್ತಿದ್ದಿರಲ್ಲ, ಇದೂ ಹಾಗೇ. ನಾಲ್ಕು ಜನ ಎಷ್ಟೇ ಗಟ್ಟಿಯಾಗಿದ್ದರೂ ಐದನೆಯವನು ಸೋತರೆ ಮುಗಿಯಿತು.

ಲೈನು ಗಟ್ಟಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮೂರ ಬೆಂಗಾಲ್ಸ್ ಟೀಮನ್ನೇ ನೋಡಿ. ಹಿಂದೆ ಹೀಗಿರಲಿಲ್ಲ. ಆಂಥನಿ ಮುನ್ಯೋಸ್ ಅಂತ ಒಬ್ಬ ಟ್ಯಾಕಲ್ 1980ರಿಂದ 1992ರವರೆಗೆ ಇವರಿಗೇ ಆಡಿದ್ದು. ಅವನಂಥ ಟ್ಯಾಕಲ್ ಇನ್ನೊಬ್ಬ ಹುಟ್ಟಿಲ್ಲ ಅಂತ ಇಲ್ಲಿ ಮುದುಕರೆಲ್ಲ ಹೇಳುತ್ತಾರೆ. ಆಮೇಲೆ 2006ರಲ್ಲಿ ಆಂಡ್ರೂ ವಿಟ್‌ವರ್ತ್ ಬಂದ. ಹನ್ನೊಂದು ಸೀಸನ್ ಆಡಿದ. ಅವನಿಗೆ ವಯಸ್ಸಾಗುತ್ತೆ ಅಂತ 2015ರಲ್ಲೇ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ ಮೊದಲ ಎರಡು ಆಯ್ಕೆಯಲ್ಲಿ ಇಬ್ಬರು ಟ್ಯಾಕಲ್ ಹುಡುಗರನ್ನು ತಂದಿಟ್ಟರು. ಇಬ್ಬರೂ ನಿಲ್ಲಲಿಲ್ಲ. 2017ರಲ್ಲಿ ವಿಟ್‌ವರ್ತ್ ಬೇರೆ ಟೀಮಿಗೆ ಹೊರಟುಹೋದ, ಲಾಸ್ ಏಂಜಲಿಸ್‌ನ ರಾಮ್ಸ್‌ಗೆ. ಈ ಹೆಸರು ನೆನಪಿಟ್ಟುಕೊಳ್ಳಿ.

2019ರಲ್ಲಿ ಬೆಂಗಾಲ್ಸ್ 16 ಆಟದಲ್ಲಿ ಗೆದ್ದಿದ್ದು ಎರಡು. ಇಲ್ಲಿ ಕೊನೆಗೆ ಬಂದವರಿಗೆ ಕಾಲೇಜು ಹುಡುಗರಲ್ಲಿ ಮೊದಲ ಆಯ್ಕೆ. ಹಾಗೆ 2020ರಲ್ಲಿ ಸಿಕ್ಕಿದವನು ಜೋ ಬರೋ. ಒಳ್ಳೆ ಕ್ವಾರ್ಟರ್‌ಬ್ಯಾಕ್, ಇದೇ ಓಹಾಯೋದಲ್ಲಿ ಬೆಳೆದವನು. ಮೊದಲ ವರ್ಷವೇ ನವೆಂಬರಿನಲ್ಲಿ ಅವನ ಎಡ ಮಂಡಿ ಹರಿಯಿತು. (ಅಮ್ಮಾ, ಅದು ಬೇರೆ ಥರದ ಮಂಡಿ ನೋವು. ಗುಂಡನದು ಆ ಥರ ಅಲ್ಲ.)

ಸರಿ, ಮುಂದಿನ ವರ್ಷ ಲೈನಿಗೆ ಒಬ್ಬ ದೊಡ್ಡ ಟ್ಯಾಕಲ್ ತರುತ್ತಾರೆ ಅಂತ ಊರೆಲ್ಲ ಕಾದಿತ್ತು. ಪೆನೇ ಸೂವೆಲ್ ಅಂತ ಹುಡುಗ ಕೈಗೆ ಸಿಗುವಂತಿದ್ದ. ಇವರು ಅವನನ್ನು ಬಿಟ್ಟು ಚೆಂಡು ಹಿಡಿಯುವ ಜಮಾರ್ ಚೇಸ್‌ನನ್ನು ತಂದರು. ಬರೋ ಮತ್ತು ಅವನು ಕಾಲೇಜಿನಿಂದಲೇ ಜೋಡಿ. ಈ ವಿಷಯಕ್ಕೆ ನನಗೂ ನಮ್ಮ ಯಜಮಾನರಿಗೂ ಇವತ್ತಿಗೂ ಜಗಳ. ಚೇಸ್ ಇಲ್ಲದಿದ್ದರೆ ಸೂಪರ್ ಬೌಲ್ ಫೈನಲ್‌ನ ಮುಖ ನೋಡುತ್ತಿರಲಿಲ್ಲ ಅಂತ ಇವರ ವಾದ. ಅದೂ ಸುಳ್ಳಲ್ಲ. ಆ ಸೀಸನ್ ಬರೋ 51 ಸಲ ಸ್ಯಾಕ್ ಆದ, ಅಂದರೆ ಚೆಂಡು ಕೈಯಲ್ಲಿರುವಾಗಲೇ ನೆಲಕ್ಕೆ ಬಿದ್ದ. ಟೆನೆಸ್ಸಿಯಲ್ಲಿ ನಾಕೌಟ್ ಆಟದಲ್ಲಿ ಒಂದೇ ದಿನ ಒಂಬತ್ತು ಸಲ ಬಿದ್ದು, ಎದ್ದು, 19-16ಕ್ಕೆ ಗೆದ್ದ. ಹಾಗೇ ಸೂಪರ್ ಬೌಲ್‌ವರೆಗೆ ಹೋದರು. 2022ರ ಫೆಬ್ರವರಿ 13. ಅಲ್ಲಿ ಏಳು ಸಲ ಸ್ಯಾಕ್. ಕೊನೆಗೆ ಚೆಂಡು ತಮ್ಮ ಕೈಯಲ್ಲೇ ಉಳಿಸಿಕೊಳ್ಳಲು ಬರೀ ಒಂದು ಗಜ ಬೇಕಿತ್ತು. ಆರನ್ ಡೊನಾಲ್ಡ್ ಅನ್ನುವ ಭೀಮ ಲೈನು ಸೀಳಿಕೊಂಡು ಬಂದು ಬರೋನ ಸೊಂಟ ಹಿಡಿದು ತಿರುಗಿಸಿಬಿಟ್ಟ. ಚೆಂಡು ಎಲ್ಲೋ ಹೋಗಿ ಬಿತ್ತು. 23-20ಕ್ಕೆ ಸೋತೆವು.

ಗೆದ್ದ ಟೀಮು ಯಾವುದು ಗೊತ್ತಾ? ರಾಮ್ಸ್. ಅವರ ಎಡಗಡೆ ಟ್ಯಾಕಲ್ ಯಾರು? ಅದೇ ವಿಟ್‌ವರ್ತ್, 40 ವರ್ಷ. ಕಪ್ ಎತ್ತಿ ರಿಟೈರ್ ಆದ. ಹೊರಗಿನವಳು ನಾನು, ನನಗೇ ಅವತ್ತು ಊಟ ಸೇರಲಿಲ್ಲ.

ಆಮೇಲೆ ಬುದ್ಧಿ ಬಂತು. ಆ ವರ್ಷವೇ ದುಡ್ಡು ಸುರಿದು ಲೈನಿಗೆ ಮೂವರನ್ನು ಕೊಂಡರು. ಮುಂದಿನ ವರ್ಷ ಆರ್ಲ್ಯಾಂಡೋ ಬ್ರೌನ್‌ಗೆ ನಾಲ್ಕು ವರ್ಷಕ್ಕೆ 64 ಮಿಲಿಯನ್ ಡಾಲರ್. 2024ರಲ್ಲಿ ಮೊದಲ ಆಯ್ಕೆಯಲ್ಲೇ ಅಮೇರಿಯಸ್ ಮಿಮ್ಸ್, 6 ಅಡಿ 8 ಇಂಚು, 150 ಕೆಜಿಗೂ ಮೇಲೆ. ಗುಂಡನ ರೂಮಿನಲ್ಲಿ ಅವನದೇ ಪೋಸ್ಟರು. ಆದರೂ ಕೂಡಿ ಬರಲಿಲ್ಲ. ಒಬ್ಬ ಚೆನ್ನಾಗಿ ಆಡುವ ಹೊತ್ತಿಗೆ ಪಕ್ಕದವನು ಮೂಲೆ ಸೇರಿರುತ್ತಾನೆ. ಐದು ಜನ ಒಟ್ಟಿಗೆ ಆಡಿ ಆಡಿ ಪಳಗಬೇಕು, ಪಕ್ಕದವನ ಉಸಿರು ಗೊತ್ತಿರಬೇಕು. ಪ್ರತಿ ವರ್ಷ ಇಬ್ಬರನ್ನು ಬದಲಾಯಿಸಿದರೆ ಅದು ಎಲ್ಲಿಂದ ಬರುತ್ತೆ? ಇನ್ನು ದುಡ್ಡು. ಒಂದು ಟೀಮು ಸಂಬಳಕ್ಕೆ ಇಷ್ಟೇ ಖರ್ಚು ಮಾಡಬಹುದು ಅಂತ ಮಿತಿ ಇದೆ. ಬರೋಗೆ ಐದು ವರ್ಷಕ್ಕೆ 275 ಮಿಲಿಯನ್. ಈ ಮಾರ್ಚಿನಲ್ಲಿ ಚೇಸ್‌ಗೆ ನಾಲ್ಕು ವರ್ಷಕ್ಕೆ 161, ಇನ್ನೊಬ್ಬ ಕ್ಯಾಚು ಹಿಡಿಯುವ ಹಿಗ್ಗಿನ್ಸ್‌ಗೆ 115. ಉಳಿದ ಚಿಲ್ಲರೆಯಲ್ಲಿ ಗಾರ್ಡುಗಳನ್ನು ಹುಡುಕಬೇಕು. ಕ್ಯಾಚು ಹಿಡಿದವನ ಫೋಟೋ ಪೇಪರಿನಲ್ಲಿ ಬರುತ್ತೆ, ಗಾರ್ಡ್ ಹೆಸರು ಬರುವುದು ಅವನು ತಪ್ಪು ಮಾಡಿದಾಗ ಮಾತ್ರ. ನನಗೆ ಇದೇ ಸಿಟ್ಟು.

ಈ ವರ್ಷದ್ದೂ ಕೇಳಿ. ಸೆಪ್ಟೆಂಬರ್ 14ಕ್ಕೆ ಬರೋ ಮತ್ತೆ ಸ್ಯಾಕ್ ಆದ, ಎಡಗಾಲಿನ ಹೆಬ್ಬೆರಳು ಹಾಳಾಯಿತು, ಆಪರೇಷನ್. ಅವತ್ತು ಹೇಗೋ ಗೆದ್ದರು, ಆಮೇಲೆ ನಾಲ್ಕಕ್ಕೆ ನಾಲ್ಕೂ ಸೋಲು. ಸೂವೆಲ್‌ನನ್ನು ಬಿಟ್ಟರು ಅಂದೆನಲ್ಲ, ಅವನನ್ನು ಆರಿಸಿಕೊಂಡ ಡೆಟ್ರಾಯಿಟ್ ಟೀಮು ಮೊನ್ನೆ 5ಕ್ಕೆ ನಮ್ಮೂರಿಗೇ ಬಂದು 37-24ಕ್ಕೆ ಗೆದ್ದು ಹೋಯಿತು. ಇವರು ಅವತ್ತು ಟಿವಿ ಆರಿಸಿ ಹುಲ್ಲು ಕತ್ತರಿಸಲು ಹೋದರು. ಈಗ ಬರೋ ಜಾಗಕ್ಕೆ ಕ್ಲೀವ್‌ಲ್ಯಾಂಡಿನಿಂದ ಜೋ ಫ್ಲಾಕೋ ಅಂತ 40 ವರ್ಷದವನನ್ನು ಕರೆಸಿದ್ದಾರೆ. ಅವನಿಗೆ ಓಡಲು ಆಗಲ್ಲ, ಚೆಂಡು ಬಂದ ತಕ್ಷಣ ಎಸೆದುಬಿಡುತ್ತಾನೆ. ಲೈನಿಗೆ ಅದೇ ವಾಸಿ ಅಂತ ಗುಂಡ ಹೇಳುತ್ತಾನೆ.

ನಾನು ಇಷ್ಟೆಲ್ಲ ಬರೆದದ್ದು ಅಮ್ಮನಿಗೆ ಒಂದು ಮಾತು ಹೇಳಲು. ಮಂಡಿ, ಮಣಿಕಟ್ಟು, ಹೆಬ್ಬೆರಳು, ಏಟು ಬಿದ್ದಿದ್ದೆಲ್ಲ ಹಿಂದೆ ನಿಂತ ಬರೋಗೆ. ಮುಂದೆ ನಿಂತವರು ಕಾಯುವವರು. ಗುಂಡ ಕಾಯುವವನು.

(ಅಪ್ಪ, ಇದನ್ನು ಅಮ್ಮನಿಗೆ ಓದಿ ಹೇಳಬೇಡಿ. 2022ರ ಸೀಸನ್ ಕೊನೆಗೆ ಲೈನಿನ ಐವರಲ್ಲಿ ಮೂವರು ಗಾಯವಾಗಿ ಹೊರಗಿದ್ದರು. ಒಬ್ಬನಿಗೆ ಮಂಡಿ, ಒಬ್ಬನಿಗೆ ಹರಡು, ಒಬ್ಬನಿಗೆ ಮಂಡಿ ಚಿಪ್ಪು. ಆ ಆರ್ಲ್ಯಾಂಡೋ ಬ್ರೌನ್‌ನ ಅಪ್ಪನೂ ಟ್ಯಾಕಲ್ಲೇ, 1999ರಲ್ಲಿ ತಪ್ಪಾಯಿತು ಅಂತ ತೋರಿಸಲು ರೆಫರಿ ಎಸೆದ ಬಾವುಟ ಕಣ್ಣಿಗೆ ಬಡಿದು ಮೂರು ಸೀಸನ್ ಆಡಲಾಗಲಿಲ್ಲ. ಬಾವುಟದ ತುದಿಗೆ ಭಾರಕ್ಕೆ ಅಂತ ಚಿಕ್ಕ ಲೋಹದ ಗುಂಡು ಕಟ್ಟಿದ್ದರಂತೆ. ಈ ಪ್ಯಾರಾ ಬಿಟ್ಟು ಮುಂದಿನದು ಓದಿ.)

ಅಮ್ಮಾ, ನಿನ್ನ ಮೊಮ್ಮಗನಿಗೆ ಇಲ್ಲಿ ಎಷ್ಟು ಮರ್ಯಾದೆ ಗೊತ್ತಾ? ಕಳೆದ ಸಲ ಅರಸೀಕೆರೆಗೆ ಬಂದಾಗ ಮದುವೆ ಮನೆಯಲ್ಲಿ ಒಬ್ಬೊಬ್ಬರೂ ಅವನ ಹೊಟ್ಟೆ ತಟ್ಟಿ 'ತುಪ್ಪ ಕಡಿಮೆ ಮಾಡು' ಅಂದರಲ್ಲ, ಮಗು ಆಮೇಲೆ ಹೋಳಿಗೆಯನ್ನೇ ಮುಟ್ಟಲಿಲ್ಲ. ಇಲ್ಲಿಯ ಕೋಚು ಅವನನ್ನು ನೋಡಿದ ತಕ್ಷಣ ಖುಷಿಗೆ ಎರಡೂ ಕೈ ಮೇಲೆತ್ತಿದರು. ಈಗ ಅಡಿಗೆ ಮನೆಯಲ್ಲೇ ಪ್ರಾಕ್ಟೀಸು. ಒಂದು ಕೈ ಬೆರಳು ನೆಲಕ್ಕೆ ಊರಿ, ಬೆನ್ನು ಚಪ್ಪಟೆ ಮಾಡಿ ಕೂರುತ್ತಾನೆ. ನಾನು 'ಹಟ್' ಅಂತ ಕೂಗಬೇಕು. ಕೂಗಿದರೆ ಎದ್ದು ಎರಡು ಅಂಗೈಯಲ್ಲೂ ಫ್ರಿಜ್ಜಿಗೆ ಗುದ್ದುತ್ತಾನೆ. ಬೆರಳಿಗೆಲ್ಲ ಬಿಳಿ ಟೇಪು. ಫ್ರಿಜ್ಜು ಗೋಡೆಗೆ ಅಂಟಿಕೊಂಡಿದೆ, ಒಳಗೆ ಮೊಸರಿನ ಪಾತ್ರೆ ಎರಡು ಸಲ ಉರುಳಿದೆ.

ಇಲ್ಲಿ ಮ್ಯಾಚಿನ ಹಿಂದಿನ ದಿನ ಲೈನಿನ ಹುಡುಗರು ಒಬ್ಬರ ಮನೆಯಲ್ಲಿ ಒಟ್ಟಿಗೆ ಊಟ ಮಾಡುತ್ತಾರೆ. ನಮ್ಮ ಸರದಿ ಬಂದಾಗ ದೊಡ್ಡ ಕುಕ್ಕರಿನಲ್ಲಿ ಬಿಸಿಬೇಳೆಭಾತ್ ಮಾಡಿದೆ. ಇವರು ಬೇಡ, ಪಿಜ್ಜಾ ತರಿಸು ಅಂದರು. ನಾನು ಕೇಳಲಿಲ್ಲ. ಈ ಊರಿನವರು ಸ್ಪಗೆಟಿ ಮೇಲೆ ದಾಲ್ಚಿನ್ನಿ ಹಾಕಿದ ಮಾಂಸದ ಸಾರು ಸುರಿದು, ಅದರ ಮೇಲೆ ಗುಡ್ಡದಷ್ಟು ಚೀಸ್ ಹಾಕಿಕೊಂಡು ತಿನ್ನುವ ಜನ, ಬಿಸಿಬೇಳೆಭಾತ್ ಏನು ಮಹಾ? ತಳ ಕೆರೆದು ತಿಂದರು. ಒಬ್ಬ ಬೂಂದಿಯನ್ನು ಸೀರಿಯಲ್ ಅಂತ ಬಟ್ಟಲಿಗೆ ಹಾಕಿಕೊಂಡ. ಜೋ ಬರೋ ಹೋದ ವರ್ಷ ಕ್ರಿಸ್ಮಸ್‌ಗೆ ತನ್ನ ಲೈನಿನವರಿಗೆಲ್ಲ ಜಪಾನಿನ ಕತ್ತಿ ಕೊಟ್ಟನಂತೆ, ನಿಜವಾದ ಕತ್ತಿ. ನಮ್ಮ ಕ್ವಾರ್ಟರ್‌ಬ್ಯಾಕ್ ಏನು ಕೊಡುತ್ತಾನೋ ಅಂತ ಗುಂಡ ಕಾಯುತ್ತಿದ್ದಾನೆ. ಕತ್ತಿ ಬಂದರೆ ಮುಂದಿನ ಆಯುಧಪೂಜೆಗೆ ಇಡುತ್ತೇನೆ ಅಂದಿದ್ದೇನೆ.

ತಲೆಗೆ ಏಟಾದರೆ ಅಂತ ಕೇಳಿದ್ದೀಯ. ಇಲ್ಲಿ ಅದಕ್ಕೆ ಕಾನೂನೇ ಇದೆ. ಓಹಾಯೋದಲ್ಲಿ ಮಗುವಿಗೆ ತಲೆ ಸುತ್ತಿದ ಹಾಗೆ ಕಂಡರೂ ಸಾಕು, ತಕ್ಷಣ ಹೊರಗೆ ಕೂರಿಸಬೇಕು. ಅವತ್ತು ಮತ್ತೆ ಆಡಿಸುವಂತಿಲ್ಲ. ಡಾಕ್ಟರು ಬರೆದುಕೊಟ್ಟ ಮೇಲೆಯೇ ಮತ್ತೆ ಆಟ. ಹೆಲ್ಮೆಟ್ ಇದೆ, ಹಲ್ಲಿಗೆ ಕವಚ ಇದೆ, ಭುಜಕ್ಕೆ ಪ್ಯಾಡು ಇದೆ. ಬಟ್ಟೆ ಒಗೆಯುವವಳು ನಾನು, ಒಂದೊಂದೂ ನನಗೆ ಗೊತ್ತು. ಮಂಡಿಗೂ ಈಗ ಬ್ರೇಸ್ ತಂದಿದ್ದೇವೆ, ಎರಡು ಕಡೆ ಕಬ್ಬಿಣದ ಪಟ್ಟಿ ಇರುವಂಥದ್ದು. ಬೇಡ ಅಂದರೂ ಹಾಕಿಸುತ್ತೇನೆ.

ಊತ ತುಂಬಾ ಇಳಿದಿದೆ. ಮೆಟ್ಟಿಲು ಇಳಿಯುವಾಗ ಮಾತ್ರ ಕಟಕಟೆ ಹಿಡಿದುಕೊಳ್ಳುತ್ತಾನೆ, ಅದೂ ಬೆಳಿಗ್ಗೆ ಹೊತ್ತು. ಗುರುವಾರ ಎಂಆರ್‌ಐ ಇದೆ. ಸುಮ್ನೆ, ಒಂದು ಸಲ ನೋಡಿಬಿಡೋಣ ಅಂತ ಡಾಕ್ಟರು ಹೇಳಿದರು, ಇನ್ಶೂರೆನ್ಸ್ ಇದೆ, ದುಡ್ಡಿನ ಚಿಂತೆ ಇಲ್ಲ. ಇಲ್ಲಿ ನೆಗಡಿಯಾದರೂ ಹತ್ತು ಟೆಸ್ಟು ಬರೆಯುತ್ತಾರೆ. ಏನೂ ಇರಲ್ಲ. ಇದ್ದರೂ ಈ ವಯಸ್ಸಿನಲ್ಲಿ ಬೇಗ ಕೂಡಿಕೊಳ್ಳುತ್ತಂತೆ. ಬರೋ ಮಂಡಿ ಪೂರ್ತಿ ಹರಿದಿತ್ತು, ಆದರೂ ಮುಂದಿನ ಸೀಸನ್ನಿಗೇ ಸೂಪರ್ ಬೌಲ್ ಆಡಿದ. ಏನೂ ಇರಲ್ಲ ಅಮ್ಮಾ. ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದೀಯ ಅಂತ ಅಣ್ಣ ಹೇಳಿದ. ಅದೆಲ್ಲ ಬೇಕಿರಲಿಲ್ಲ, ಹೊತ್ತಿದ್ದರೆ ಇರಲಿ.

ಆಟ ಬಿಡಿಸು ಅಂತ ಇನ್ನೊಂದು ಕಾಗದ ಬರೆಯಬೇಡಿ. ಬಿಡಿಸುವುದಾದರೆ ನಾವೇ ಬಿಡಿಸುತ್ತೇವೆ. ಇವರು ಆಗಲೇ ಎರಡು ಸಲ ಆ ಮಾತು ತೆಗೆದರು. ನಾನೇ ಗುರುವಾರ ಆಗಲಿ ಅಂದಿದ್ದೇನೆ.

ಸ್ಕೂಲು ಬಿಡುವ ಹೊತ್ತಾಯಿತು, ಅವನಿಗೆ ಬಸ್ ಹತ್ತಲು ಕಷ್ಟ ಅಂತ ಈ ವಾರ ನಾನೇ ಕರೆದುಕೊಂಡು ಬರುತ್ತಿದ್ದೇನೆ. ಚಿನ್ನುವಿನ ವಿಷಯ ಮುಂದಿನ ಸಲ ಬರೆಯುತ್ತೇನೆ. ಅಪ್ಪ, ಬಿಪಿ ಮಾತ್ರೆ ತಪ್ಪಿಸಬೇಡಿ. ಪಕ್ಕದ ಬೀದಿ ಮೇಷ್ಟ್ರ ಮಗಳು ಡಿಸೆಂಬರಿನಲ್ಲಿ ಬರುತ್ತಾಳಂತೆ, ಅವಳ ಕೈಯಲ್ಲಿ ಬಿಸಿಬೇಳೆಭಾತ್ ಪುಡಿ ಒಂದು ಕೆಜಿ ಕಳಿಸು ಅಮ್ಮಾ, ಖಾರ ಸ್ವಲ್ಪ ಕಡಿಮೆ ಹಾಕು, ಐದೂ ಹುಡುಗರು ಮತ್ತೆ ಕೇಳುತ್ತಿದ್ದಾರೆ.

ಇಂತಿ,
ಪುಟ್ಟಿ