ನೆಟ್ಟಗಾದ ಗೌರಿ ಹೂವು

ಪ್ರೀತಿಯ ಗೆಳೆಯಾ,

ಗುಟ್ಟಾಗಿ ಹೇಳಿದರೂ ನೀನು ಊರಿಗೆಲ್ಲ ಸಾರುವವನಾದ್ದರಿಂದ ಎಲ್ಲರೆದುರಿಗೇ ಬರೆಯುತ್ತಿದ್ದೇನೆ. ಶಿರಸಿಯ ಬಳಿ, ದೊಡ್ಡವರಿಗೆ ಗಿಡ-ಬಳ್ಳಿ, ಕಾಡುಹಕ್ಕಿಗಳ ಚಿತ್ರ ಬರೆಯಲು ಕಲಿಸುವ ಮೂರು ದಿನಗಳ ಶಿಬಿರ ಮುಗಿಸಿ ಬಂದೆ. ಶ್ರಾವಣದ ಮಳೆಗೆ 300 ಜಿಎಸ್‌ಎಂನ ದಪ್ಪ ಕಾಗದವೂ ಗಾಳಿಗಿಟ್ಟ ಹಪ್ಪಳದಂತೆ ಮೆತ್ತಗಾಗಿ, ಒಂದು ಪದರ ಬಣ್ಣ ಒಣಗುವಷ್ಟರಲ್ಲಿ ಎರಡು ಸಲ ಚಹಾ ಮುಗಿಯುತ್ತಿತ್ತು. ಹಿಂದೆ ನೀನು ಕಾಲೆಣಿಸಿ ತಪ್ಪು ಹಿಡಿದ ಮಂಗಟ್ಟೆ ಹಕ್ಕಿಗೆ (ಹಾರ್ನ್‌ಬಿಲ್) ಈ ಸಲ ಎರಡೇ ಕಾಲು, ನೀನು ನೆಮ್ಮದಿಯಿಂದಿರು.

ಎರಡನೆಯ ದಿನ ಬೇಲಿಯಿಂದ ಗೌರಿ ಹೂವಿನ ಬಳ್ಳಿ ತಂದು, ತುದಿಯನ್ನೇ ಕೊಕ್ಕೆಯಾಗಿಸಿ ಆಸರೆಗೆ ಸುತ್ತಿಕೊಳ್ಳುವ ಅದರ ಎಲೆಯ ಬಗ್ಗೆ, ಗಡ್ಡೆಯಲ್ಲಿರುವ ಕಾಲ್ಚಿಸಿನ್ ವಿಷದ ಬಗ್ಗೆ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ, ಮಲಬಾರಿನ ಗಿಡಗಳ ಸಚಿತ್ರ ಗ್ರಂಥ ‘ಹಾರ್ಟಸ್ ಮಲಬಾರಿಕಸ್’ ಬಗ್ಗೆ ಅರ್ಧ ಗಂಟೆ ಮಾತನಾಡಿದೆ. ‘ಗೊತ್ತಿದ್ದದ್ದನ್ನು ಬಿಡಿ, ಕಂಡದ್ದನ್ನು ಬರೆಯಿರಿ’ ಎಂದೂ ಹೇಳಿದೆ. ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ನಿವೃತ್ತ ಶಿಕ್ಷಕಿಯೊಬ್ಬರು ಆರು ದಳಗಳನ್ನೂ ಆರು ಕೇಸರಗಳನ್ನೂ ಡಿವೈಡರಿನಿಂದ ಅಳೆದು ಬರೆದು, ಅಂಡಾಶಯದಿಂದ ಹೊರಡುವ ಕಡ್ಡಿಯಂಥ ಶಲಾಕೆಯನ್ನು ಮಾತ್ರ ಬುಡದಲ್ಲೇ ಮುರಿದಂತೆ ಪಕ್ಕಕ್ಕೆ ಚಾಚಿಸಿದ್ದರು. ನಾನು ಹೂವಿನ ಕಡೆ ನೋಡದೆಯೇ, ‘ಅಕ್ಕೋರೆ, ಇದು ನೆಟ್ಟಗಿರಬೇಕು’ ಎಂದೆ. ಅವರು ಒಮ್ಮೆ ಹೂವನ್ನು, ಒಮ್ಮೆ ನನ್ನನ್ನು ನೋಡಿ, ‘ಹೌದಾ ಸರ್’ ಎಂದು ಅಳಿಸಿದರು.

ಸಂಜೆ ಕುಂಚ ತೊಳೆಯುವಾಗ ಅದೇ ಹೂವು ಕಣ್ಣಿಗೆ ಬಿತ್ತು. ಹಳದಿ ಅಂಚಿನ ಕೆಂಪು ದಳಗಳು ಹಿಂದಕ್ಕೆ ಮಡಚಿ ಮೇಲಕ್ಕೆದ್ದಿವೆ, ಹಸಿರು ಅಂಡಾಶಯ ಕೆಳಮುಖವಾಗಿದೆ, ಅದರ ತುದಿಯಲ್ಲಿ ಶಲಾಕೆ ಲಂಬಕೋನದಲ್ಲಿ ತಿರುಗಿ ಪಕ್ಕಕ್ಕೆ ಹೋಗಿದೆ. ನೀನು ಹೊಗಳಿ ಮೂರು ಪ್ರಿಂಟು ಒಯ್ದ ನನ್ನ ಗೌರಿ ಹೂವಿನಲ್ಲಿ ಅದು ದಾಸವಾಳದ್ದರಂತೆ ನೆಟ್ಟಗಿದೆ. ಫೋಟೋ ನೋಡಿ ಬರೆದದ್ದು. ಮಸುಕಾದ ಕಡೆ ಊಹಿಸಿದ್ದೆ.

ಮರುದಿನ ಹೇಳಬಹುದಿತ್ತು, ಹೇಳಲಿಲ್ಲ. ಅವರು ತಮ್ಮ ಚಿತ್ರಕ್ಕೆ ನನ್ನ ಸಹಿಯನ್ನೂ ಹಾಕಿಸಿಕೊಂಡರು. ಅಳಿಸಿದ ಗೆರೆಯ ಗುರುತು ಬಿಳಿ ಕಾಗದದ ಮೇಲೆ ಸಣ್ಣಗೆ ಕಾಣುತ್ತಲೇ ಇತ್ತು. ತಪ್ಪು ಯಾರಿಗಾದರೂ ಆಗುತ್ತದೆ. ಆದರೆ ಅವರು ಅಷ್ಟು ಬೇಗ ಅಳಿಸಿದಾಗ ನನಗೆ ಹಿತವೆನಿಸಿತ್ತಲ್ಲ, ಅದು ನಾಲ್ಕು ದಿನದಿಂದ ನಿದ್ದೆ ಕೆಡಿಸಿದೆ.

ಸಾಕು, ಹೇಳಬೇಕೆಂದುಕೊಂಡದ್ದಕ್ಕಿಂತ ಹೆಚ್ಚಾಯಿತು. ಆ ಪ್ರಿಂಟುಗಳನ್ನು ಗೋಡೆಯಿಂದ ಇಳಿಸು. ಮನಸ್ಸು ಬಾರದಿದ್ದರೆ ಅಡಿಯಲ್ಲಿ ‘ದಾಸವಾಳ’ ಎಂದು ಬರೆದುಬಿಡು. ಮಂಗಟ್ಟೆಯ ಕಾಲೆಣಿಸುವ ಮಹಾಶಯ, ಇದೊಂದು ನಿನಗೂ ಕಾಣದೆ ಹೋಯಿತಲ್ಲ!

ನಿನ್ನವ