ಟ್ರೇಲರ್ ಸಾಕೆಟ್‌ಗೆ ಸರಿಯಾಗಿ ಬಾರದ ಕರೆಂಟ್: ಸರ್ವಿಸ್ ಕೇಂದ್ರಕ್ಕೆ ದೂರು ಪತ್ರ

ಇಂದ,
ಅಡಿಕೆ ಬೆಳೆಗಾರ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ಇವರಿಗೆ,
ಸರ್ವಿಸ್ ವಿಭಾಗದ ವ್ಯವಸ್ಥಾಪಕರು,
ಪಿಕಪ್ ವಾಹನಗಳ ಮಾರಾಟ ಮತ್ತು ಸೇವಾ ಕೇಂದ್ರ, ಶಿವಮೊಗ್ಗ

ವಿಷಯ: ಪಿಕಪ್‌ನ ಟ್ರೇಲರ್ ಸಾಕೆಟ್‌ಗೆ ಎಳೆದ ಚಾರ್ಜಿಂಗ್ ಲೈನಿನ ದೋಷ, ಬಿಲ್ಲಿಗೆ ಸೇರಿಸಿಯೂ ಹಾಕದ ರಿಲೇ (ಎಂಜಿನ್ ನಿಂತಾಗ ಆ ಲೈನನ್ನು ತಾನಾಗಿ ಕಡಿಯುವ ಸ್ವಿಚ್), ಲೋಡ್ ಕೊಟ್ಟು (ಕರೆಂಟ್ ಎಳೆಯುವ ಬಲ್ಬಿನಂಥದ್ದನ್ನು ಜೋಡಿಸಿ) ನೋಡದೆ ಬರೆದ ‘ದೋಷವಿಲ್ಲ’ ಎಂಬ ಷರಾ.

ಮಾನ್ಯರೇ,

ನಿಮ್ಮಲ್ಲಿ ಕೊಂಡ ಪಿಕಪ್‌ಗೆ ನಿಮ್ಮದೇ ವರ್ಕ್‌ಶಾಪಿನಲ್ಲಿ ಹಿಚ್ (ಟ್ರೇಲರ್ ಎಳೆಯುವ ಕೊಂಡಿ), ಏಳು ಪಿನ್ನಿನ ಟ್ರೇಲರ್ ಸಾಕೆಟ್ ಮತ್ತು ಟ್ರೇಲರಿನ ಬ್ಯಾಟರಿ ಚಾರ್ಜ್ ಆಗಲು ಒಂದು ಪ್ರತ್ಯೇಕ ಲೈನ್ ಹಾಕಿಸಿಕೊಂಡಿದ್ದೇನೆ. ಹಿಚ್ ಬಗ್ಗೆ ನನ್ನ ತಕರಾರಿಲ್ಲ, ಕೆಲಸ ಗಟ್ಟಿಯಾಗಿದೆ. ಆದರೆ ಆ ಲೈನ್ ಹಾಕಿದಂದಿನಿಂದ ಇಂದಿನವರೆಗೆ ಟ್ರೇಲರಿನ ಬ್ಯಾಟರಿ ಒಮ್ಮೆಯೂ ಪೂರ್ತಿ ಚಾರ್ಜ್ ಆಗಿಲ್ಲ. ಗಾಡಿ ತಂದು ತೋರಿಸಿದಾಗಲೆಲ್ಲ ನಿಮ್ಮವರು ಮೀಟರ್ ಹಿಡಿದು, ‘12 ವೋಲ್ಟ್ ಬರುತ್ತಿದೆ’ ಎಂದು ಹೇಳಿ, ಜಾಬ್ ಕಾರ್ಡಿನಲ್ಲಿ ‘ಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ’ ಎಂದು ಬರೆದು ಕಳುಹಿಸಿದ್ದಾರೆ. ಬಾಯಿಮಾತಿನಲ್ಲಿ ಹೇಳಿ ಸಾಕಾದದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ಟ್ರೇಲರಿನಲ್ಲಿ ಬೋರ್ಡೋ ದ್ರಾವಣದ ಡ್ರಮ್ ಇದೆ, ಔಷಧ ಹೊಡೆಯುವ ಪೆಟ್ರೋಲ್ ಎಂಜಿನ್ ಇದೆ, ಹಳ್ಳದಿಂದ ಡ್ರಮ್ಮಿಗೆ ನೀರೆತ್ತುವ 12 ವೋಲ್ಟಿನ ಪಂಪ್ ಇದೆ, ಎರಡು ದೀಪಗಳಿವೆ. ಎಂಜಿನ್ ಬಿಟ್ಟರೆ ಉಳಿದದ್ದೆಲ್ಲ ನಡೆಯುವುದು ಟ್ರೇಲರಿನ ಬ್ಯಾಟರಿಯಿಂದ. ಮಳೆಗಾಲದಲ್ಲಿ ನಮ್ಮ ಊರುಗಳಿಗೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದು ನಿಮಗೂ ಗೊತ್ತು. ಮನೆಯಲ್ಲಿ ಚಾರ್ಜಿಗಿಟ್ಟು ಹೊರಡುತ್ತೇನೆಂದರೆ ಆಗದು. ಅಡಿಕೆಯ ಕೊಳೆರೋಗಕ್ಕೆ ಔಷಧ ಹೊಡೆಯುವುದು ಮಳೆ ಬಿಟ್ಟು ಹೊಳವಾದಾಗ. ಆ ಹೊಳವು ಒಂದೊಂದು ದಿನ ಎರಡೇ ಗಂಟೆ ಇರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸಿದ ದ್ರಾವಣವನ್ನು ಅದೇ ದಿನ ಹೊಡೆದು ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡರು ಮರದ ಬುಡದಲ್ಲಿ ಕಾಯುತ್ತಿರುವಾಗ ಪಂಪ್ ಗುರ್ ಎಂದು ನಿಂತುಹೋದರೆ ಆ ದಿನದ ಹೊಳವು ಹೋಯಿತು, ಕೂಲಿ ಹೋಯಿತು, ಕೆಲವೊಮ್ಮೆ ಅಡಿಕೆಗೊನೆಯೂ ಹೋಗುತ್ತದೆ.

ಈಗ ದೋಷದ ವಿಷಯ. ಏಳು ಪಿನ್ನಿನ ಸಾಕೆಟ್‌ನಲ್ಲಿ ಎರಡನೆಯದು ಮೂಲತಃ ಹಿಂಬದಿಯ ಮಂಜಿನ ದೀಪದ್ದು. ನನ್ನ ಟ್ರೇಲರಿನಲ್ಲಿ ಆ ದೀಪವಿಲ್ಲವಾದ್ದರಿಂದ ನಿಮ್ಮವರು ಅದನ್ನೇ ಚಾರ್ಜಿಂಗ್‌ಗೆ ಬಳಸಿಕೊಂಡಿದ್ದಾರೆ. ಅದಕ್ಕೂ ನನ್ನ ಅಭ್ಯಂತರವಿಲ್ಲ. ಮೂರನೆಯ ಪಿನ್ ಅರ್ಥ್. ಎಲ್ಲ ದೀಪಗಳ ಕರೆಂಟೂ ಚಾರ್ಜಿಂಗ್ ಕರೆಂಟೂ ಮರಳುವುದು ಅದರಿಂದಲೇ. ಏನೂ ಜೋಡಿಸದೆ ಎರಡು ಮತ್ತು ಮೂರನೆಯ ಪಿನ್ನುಗಳಿಗೆ ಮೀಟರ್ ಹಿಡಿದರೆ 12 ವೋಲ್ಟಿಗಿಂತ ಮೇಲೆಯೇ ತೋರಿಸುತ್ತದೆ. ನಿಮ್ಮವರು ನೋಡಿದ್ದು ಇದನ್ನು ಮಾತ್ರ. ತೋಟದ ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿಟ್ಟಾಗ ಗೇಜು ಪೂರ್ತಿ ಒತ್ತಡವನ್ನೇ ತೋರಿಸುತ್ತದೆ; ತಿರುಗಿಸಿದ ಮೇಲೆ ತಾನೇ ಹನಿ ಹನಿ ಎಂದು ತಿಳಿಯುವುದು?

ನಮ್ಮ ಪೇಟೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಅದೇ ಪಿನ್ನುಗಳಿಗೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಜೋಡಿಸಿ ಎಂಜಿನ್ ಚಾಲೂ ಮಾಡಿಸಿದರು. ಬಲ್ಬ್ ಕೆಂಪಗೆ ಮಂಕಾಗಿ ಉರಿಯಿತು. ಆಗ ಗಾಡಿಯ ಬ್ಯಾಟರಿಯಲ್ಲಿ 14.1 ವೋಲ್ಟ್, ಸಾಕೆಟ್‌ನಲ್ಲಿ 10. ನಡುವಿನ 4.1 ವೋಲ್ಟ್ ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನೂ ಅವರು ನನ್ನೆದುರಿಗೇ ಅಳೆದು ತೋರಿಸಿದರು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಎರಡನೇ ಪಿನ್ನಿಗೆ ಹಿಡಿದಾಗ 2.8, ಬ್ಯಾಟರಿಯ ಮೈನಸ್‌ನಿಂದ ಮೂರನೇ ಪಿನ್ನಿಗೆ 1.3. ಹೋಗುವ ದಾರಿಯೂ ಕೆಟ್ಟಿದೆ, ಬರುವ ದಾರಿಯೂ ಕೆಟ್ಟಿದೆ. ಇಷ್ಟನ್ನು ಕಂಡುಹಿಡಿಯಲು ಅವರಿಗೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಹಳೆಯ ಬಲ್ಬ್, ಎರಡು ತುಂಡು ವೈರ್ ಮತ್ತು ಮೀಟರ್ ಸಾಕಾಯಿತು.

ಸೀಸದ ಬ್ಯಾಟರಿ ತುಂಬಿ ಸುಮ್ಮನೆ ಕುಳಿತಾಗಲೇ 12.6 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಅದು ಚಾರ್ಜ್ ಆಗಬೇಕಾದರೆ ಅದರ ಟರ್ಮಿನಲ್‌ಗೆ ಹದಿನಾಲ್ಕರ ಹತ್ತಿರ ತಲುಪಬೇಕು. ದಾರಿಯಲ್ಲೇ ಇಷ್ಟು ಸೋರಿಹೋದರೆ ಹೊಸನಗರದಿಂದ ಶಿವಮೊಗ್ಗಕ್ಕೆ ಎಷ್ಟು ಸಲ ಓಡಿಸಿದರೂ ಅದು ತುಂಬುವುದಿಲ್ಲ.

ವೈರ್ ಬಿಚ್ಚಿಸಿ ನೋಡಿದಾಗ ಕಂಡದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. ಎಂಜಿನ್ ಕಡೆಯಿಂದ ಹಿಂದಕ್ಕೆ ಸುಮಾರು ಆರು ಮೀಟರ್ ಉದ್ದಕ್ಕೆ ಎಳೆದದ್ದು ಒಂದು ಚದರ ಮಿಲಿಮೀಟರಿನ ವೈರ್, ಅಂದರೆ ಇಂಡಿಕೇಟರ್ ದೀಪಕ್ಕೆ ಹಾಕುವಂಥದ್ದು. ಚಾಸಿಯ ಪಕ್ಕದಲ್ಲಿ ಅದಕ್ಕೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್ ಹಾಕಿ ಜೋಡಿಸಿದ್ದಾರೆ. ಕ್ಲಿಪ್ಪಿನ ಅಲಗು ಇನ್ಸುಲೇಷನ್ ಸೀಳಿ ಅರ್ಧದಷ್ಟು ಎಳೆಗಳನ್ನೂ ಕತ್ತರಿಸಿದೆ. ಮೇಲೆ ಸುತ್ತಿದ ಕಪ್ಪು ಟೇಪನ್ನು ಬಿಡಿಸುತ್ತಿದ್ದಂತೆ ಒಳಗಿನಿಂದ ನೀರು ತೊಟ್ಟಿಕ್ಕಿತು. ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿದ್ದವು. ಅರ್ಥ್ ವೈರನ್ನು ಹಿಚ್‌ನ ಬ್ರಾಕೆಟ್ಟಿಗೆ ಬೋಲ್ಟ್ ಮಾಡಿದ್ದಾರೆ, ಆದರೆ ಬಣ್ಣವನ್ನು ಕೆರೆಯದೆ ಅದರ ಮೇಲೆಯೇ.

‘ಮೈಲುತುತ್ತ ತಗಲಿ ಹಾಳಾಗಿರಬೇಕು, ಅದು ವಾರಂಟಿಗೆ ಬರುವುದಿಲ್ಲ’ ಎಂದು ನಿಮ್ಮ ಸಲಹೆಗಾರರು ಫೋನಿನಲ್ಲಿ ಹೇಳಿದರು. ಡ್ರಮ್ ಇರುವುದು ಟ್ರೇಲರಿನ ಮೇಲೆ. ಕೆಟ್ಟ ಜೋಡಣೆ ಇರುವುದು ಪಿಕಪ್‌ನ ಹಿಂದಿನ ಚಕ್ರಕ್ಕಿಂತ ಮುಂದೆ, ಚಾಸಿಯ ಒಳಬದಿಯಲ್ಲಿ. ಅಲ್ಲಿಗೆ ಹಾರುವುದು ರಸ್ತೆಯ ನೀರು. ಮಲೆನಾಡಿನಲ್ಲಿ ಗಾಡಿ ಮಾರುವವರು ಮಲೆನಾಡಿನ ಮಳೆಗೆ ತಡೆಯುವ ಜೋಡಣೆ ಮಾಡಿಕೊಡಬೇಕು; ಮಳೆಯ ಮೇಲೆ ದೂರು ಹಾಕಿ ಕೈತೊಳೆದುಕೊಳ್ಳುವಂತಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಫ್ಯೂಸ್. ಆ ಸಣ್ಣ ವೈರಿಗೆ 30 ಆಂಪಿಯರಿನ ಹಸಿರು ಫ್ಯೂಸ್ ಹಾಕಿದ್ದೀರಿ. ಫ್ಯೂಸ್ ಇರುವುದೇ ವೈರನ್ನು ಕಾಪಾಡಲು. ಎಲ್ಲಾದರೂ ವೈರ್ ಉಜ್ಜಿ ಚಾಸಿಗೆ ಅರೆಬರೆ ತಾಗಿದರೆ ಫ್ಯೂಸ್ ಹಾರುವ ಮೊದಲೇ ವೈರ್ ಕಾದು ಇನ್ಸುಲೇಷನ್ ಕರಗಬಹುದು. ಅದರ ಪಕ್ಕದಲ್ಲೇ ಡೀಸೆಲ್ ಪೈಪ್ ಹಾದುಹೋಗಿದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಗಾಡಿ ಇದು.

ಇನ್ನು ರಿಲೇ. ಬಿಲ್ಲಿನಲ್ಲಿ ರಿಲೇಗೂ ಅದನ್ನು ಕೂರಿಸಿದ ಕೂಲಿಗೂ ಹಣ ಹಿಡಿದಿದ್ದೀರಿ. ಬಾನೆಟ್ ಅಡಿಯಲ್ಲಿ ಅಂಥದ್ದೇನೂ ಇಲ್ಲ. ಕೀ ತೆಗೆದ ಮೇಲೂ ಎರಡನೇ ಪಿನ್ನಿನಲ್ಲಿ ಕರೆಂಟ್ ಇರುತ್ತದೆ. ಟ್ರೇಲರ್ ಜೋಡಿಸಿಟ್ಟು ರಾತ್ರಿ ಕಳೆದರೆ ಗಾಡಿಯ ಬ್ಯಾಟರಿಯೂ ಇಳಿಯುತ್ತದೆ. ಹಾಕದ ವಸ್ತುವಿಗೆ ಹಣ ಪಡೆದದ್ದು ಹೇಗೆ ಎಂಬುದಕ್ಕೆ ನನಗೆ ಲಿಖಿತ ಉತ್ತರ ಬೇಕು.

ಅರ್ಥ್ ಸರಿಯಿಲ್ಲದ್ದರ ಪರಿಣಾಮ ಚಾರ್ಜಿಂಗ್‌ಗೆ ಮುಗಿಯುವುದಿಲ್ಲ. ಬ್ಯಾಟರಿ ಕರೆಂಟ್ ಎಳೆಯುತ್ತಿರುವಾಗ ಟ್ರೇಲರಿನ ಹಿಂದಿನ ದೀಪಗಳು ಮಂಕಾಗುತ್ತವೆ. ಬ್ರೇಕ್ ತುಳಿದರೆ ಇಂಡಿಕೇಟರ್ ಕೂಡ ಸಣ್ಣಗೆ ಮಿನುಗುತ್ತದೆ. ಆಷಾಢದ ಸಂಜೆ ಹುಲಿಕಲ್ ಘಾಟಿಯ ಮಂಜಿನಲ್ಲಿ ಹಿಂದಿನಿಂದ ಬರುವ ಲಾರಿಯವನಿಗೆ ನನ್ನ ಟ್ರೇಲರ್ ಕಾಣುವುದು ಆ ದೀಪಗಳಿಂದ ಮಾತ್ರ.

ಆದ್ದರಿಂದ ನೀವು ಮಾಡಿಕೊಡಬೇಕಾದದ್ದು ಇಷ್ಟು. ಈಗಿರುವ ಲೈನನ್ನು ಪೂರ್ತಿ ತೆಗೆದು ಬ್ಯಾಟರಿಯಿಂದ ಸಾಕೆಟ್‌ವರೆಗೆ ಆರು ಚದರ ಮಿಲಿಮೀಟರಿನ ತಾಮ್ರದ ವೈರನ್ನು ಕೊಳವೆಯೊಳಗೆ ಎಳೆಯಬೇಕು. ಅಷ್ಟೇ ದಪ್ಪದ ಅರ್ಥ್ ವೈರ್ ನೇರವಾಗಿ ಬ್ಯಾಟರಿಯ ಮೈನಸ್‌ವರೆಗೆ ಬರಬೇಕು. ಜೋಡಣೆಗಳನ್ನು ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಬಿಗಿದು) ನೀರು ಇಳಿಯದಂತೆ ಮುಚ್ಚಬೇಕು. ಬ್ಯಾಟರಿಯ ಹತ್ತಿರವೇ 20 ಆಂಪಿಯರಿನ ಫ್ಯೂಸ್, ಬಿಲ್ಲಿನಲ್ಲಿ ಬರೆದಿರುವ ರಿಲೇ ಎರಡೂ ಇರಬೇಕು. ಕೆಲಸ ಮುಗಿದ ಮೇಲೆ ನನ್ನೆದುರಿಗೆ ಲೋಡ್ ಕೊಟ್ಟು ಅಳೆದು, ಗಾಡಿಯ ಬ್ಯಾಟರಿಯ ವೋಲ್ಟನ್ನೂ ಸಾಕೆಟ್‌ನ ವೋಲ್ಟನ್ನೂ ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಮಾಡಬೇಕು. ಇದಕ್ಕೆ ನಾನು ಮತ್ತೆ ಹಣ ಕೊಡುವುದಿಲ್ಲ. ಮೊದಲ ಫಿಟಿಂಗ್‌ನ ಕೂಲಿಯನ್ನೂ ಹಿಂದಿರುಗಿಸಬೇಕು.

ಪತ್ರ ತಲುಪಿದ ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆ ಎಂದು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ತೆಗೆದ ಕ್ಲಿಪ್ಪನ್ನೂ ಕಿಲುಬು ಹಿಡಿದ ವೈರಿನ ತುಂಡನ್ನೂ ಜೋಪಾನವಾಗಿ ಇಟ್ಟಿದ್ದೇನೆ. ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೂ ಈ ಪತ್ರದ ಪ್ರತಿ ಹೋಗುತ್ತಿದೆ.

ಎರಡನೇ ಸಲದ ಔಷಧಕ್ಕೆ ಇನ್ನು ಹೆಚ್ಚು ದಿನವಿಲ್ಲ. ಗಾಡಿ ತರಬೇಕಾದ ದಿನವನ್ನು ಮೊದಲೇ ತಿಳಿಸಿ, ಆ ದಿನ ಎಲೆಕ್ಟ್ರಿಷಿಯನ್ ಇರುವಂತೆ ನೋಡಿಕೊಳ್ಳಿ.

ಇಂತಿ,
ನಿಮ್ಮ ಗ್ರಾಹಕ
(ಸಹಿ)

ಲಗತ್ತು: ಫಿಟಿಂಗ್ ಬಿಲ್ಲಿನ ಪ್ರತಿ, ಜಾಬ್ ಕಾರ್ಡುಗಳ ಪ್ರತಿ, ವೈರ್ ಹಾಗೂ ಫ್ಯೂಸ್‌ನ ಫೋಟೊಗಳು